ಸಂತಪುರ ಬಂದಾಗ ಒಂದು ಗೋಳಿ

ನೋವು ಎಂದರೇನು ಎಂದು ನಮಗೆ ಕಲಿಸಲು ಒಬ್ಬ ಮನುಷ್ಯ ಬಂದಿದ್ದ. ಟೈ ಕಟ್ಟಿಕೊಂಡಿದ್ದ, ಫ್ಯಾನು ತಿರುಗದ ಹಾಲಿನಲ್ಲಿ ಬೆವರು ಒರೆಸಿಕೊಳ್ಳುತ್ತ ಒಂದೂವರೆ ಗಂಟೆ ಮಾತಾಡಿದ, ಹೋಗುವಾಗ ಆರು ಮುಖಗಳಿರುವ ಒಂದು ಚಾರ್ಟು ಕೊಟ್ಟು ಹೋದ. ಮೊದಲನೆಯ ಮುಖ ನಗುತ್ತದೆ, ಆರನೆಯದು ಅಳುತ್ತದೆ. ತನಗೆಷ್ಟು ನೋಯುತ್ತಿದೆ ಎಂದು ರೋಗಿ ಬೆರಳಿಟ್ಟು ತೋರಿಸಬೇಕಂತೆ. ಆ ಮನುಷ್ಯ ತನ್ನ ಜನ್ಮದಲ್ಲಿ ಒಂದೇ ಒಂದು ಹುಣ್ಣಿನ ಪಟ್ಟಿ ಬಿಚ್ಚಿದ್ದರೆ ನನ್ನ ಹೆಸರು ಆಮ್ರಪಾಲಿಯೇ ಅಲ್ಲ.

ಬೀದರಿನ ಈ ದವಾಖಾನೆಯ ಡ್ರೆಸ್ಸಿಂಗ್ ರೂಮಿನಲ್ಲಿ ನಾನು ಹದಿನಾಲ್ಕು ವರ್ಷದಿಂದ ನರ್ಸು. ನೋವಿನ ವಿಷಯದಲ್ಲಿ ನನಗೆ ಟೈ ಕಟ್ಟಿದವರಿಂದ ಕಲಿಯಬೇಕಾದ್ದು ಏನೂ ಇರಲಿಲ್ಲ. ಕಲಿಯಬೇಕಾದವನು ನಮ್ಮ ಡ್ರೆಸ್ಸರ್ ಗೌಸೋದ್ದೀನ. ಅವನು ಆ ಹೊತ್ತಿನಲ್ಲಿ ಹಿಂದಿನ ಸಾಲಿನಲ್ಲಿ ಕೂತು ಸಮೋಸ ತಿನ್ನುತ್ತಿದ್ದ.

ಗೌಸೋದ್ದೀನನ ವಿದ್ಯೆಯನ್ನು ಸ್ವಲ್ಪ ಹೇಳಬೇಕು. ರಕ್ತ, ಕೀವು ಒಣಗಿ ಗಾಯಕ್ಕೆ ಅಂಟಿಕೊಂಡ ಬಟ್ಟೆಯ ಒಂದು ಮೂಲೆಯನ್ನು ಅವನು ಎರಡು ಬೆರಳಲ್ಲಿ ಹಿಡಿಯುತ್ತಾನೆ. ಆಮೇಲೆ ಬಹಳ ಪ್ರೀತಿಯಿಂದ, "ಯಾವೂರು ಸಾಹೇಬ್ರು?" ಎಂದು ಕೇಳುತ್ತಾನೆ. ರೋಗಿ "ಭಾಲ್ಕಿ" ಎನ್ನಲು ಬಾಯಿ ತೆರೆದರೆ ಅರ್ಧ ಊರು ಬಾಯಿಂದ ಬರುವಷ್ಟರಲ್ಲಿ ಇವನು ಝಾಡಿಸಿ ಎಳೆದಿರುತ್ತಾನೆ. ಉಳಿದರ್ಧ ಊರು ಕಿರುಚಾಟದಲ್ಲಿ ಬರುತ್ತದೆ. ಮೂವತ್ತು ವರ್ಷದಿಂದ ಇದೇ ಕೆಲಸ, ಅದಕ್ಕೆ ಹೆಮ್ಮೆ ಬೇರೆ. "ಏಕ್ ಝಟ್ಕಾ ಮೇಡಮ್. ಮೆಲ್ಲಮೆಲ್ಲಕ ಬಿಚ್ಚಿದ್ರ ಮೆಲ್ಲಮೆಲ್ಲಕ ನೋಯ್ತದ," ಎನ್ನುತ್ತಾನೆ. ಬಟ್ಟೆಯ ಜೊತೆ ಹೊಸದಾಗಿ ಬಂದ ಮಾಂಸವೂ ಕಿತ್ತು ಬರುತ್ತದೆ, ಹುಣ್ಣು ಮಾಯಲು ಇನ್ನೊಂದು ವಾರ ಹೆಚ್ಚು ಬೇಕಾಗುತ್ತದೆ ಎಂಬುದು ಅವನ ತಲೆಗೆ ಇಳಿಯುವ ಮಾತಲ್ಲ.

ನಾನು ಬಂದ ಮೇಲೆ ನನ್ನ ಪಾಳಿಯಲ್ಲಿ ಇದನ್ನೆಲ್ಲ ನಿಲ್ಲಿಸಿದೆ. ಪಟ್ಟಿಯ ಮೇಲೆ ಸಲೈನ್ ಸುರಿದು ಹತ್ತು ನಿಮಿಷ ನೆನೆಯಲು ಬಿಡಬೇಕು, ಅಂಚಿನಿಂದ ಬಿಡಿಸುತ್ತ ಬರಬೇಕು, ಟೇಬಲ್ ಹತ್ತುವ ಮುಕ್ಕಾಲು ಗಂಟೆ ಮೊದಲೇ ರೋಗಿಯ ಹೊಟ್ಟೆಯಲ್ಲಿ ನೋವಿನ ಗೋಳಿ, ಅಂದರೆ ಮಾತ್ರೆ, ಇರಬೇಕು. ಇದಕ್ಕಾಗಿ ಮೇಲಿನವರಿಗೆ ಮೂರು ಪತ್ರ ಬರೆದೆ, ಒಬ್ಬರ ಜೊತೆ ಜಗಳವಾಡಿದೆ. ನಮ್ಮ ಸರ್ಜನ್ ಡಾಕ್ಟರ್ ರಶೀದ ಅಹ್ಮದ ಮಾತ್ರ, "ನಿನ್ನ ಮರ್ಜಿ, ಸಿಸ್ಟರ್," ಎಂದು ಮೊಬೈಲಿನಿಂದ ತಲೆ ಎತ್ತದೆ ಹೇಳಿದರು. ಅವರಿಗೆ ಕೊಯ್ಯುವುದಷ್ಟೇ ಗೊತ್ತು. ಕೊಯ್ದ ಮೇಲೆ ಆ ಮನುಷ್ಯನಿಗೆ ದಿನ ಬಿಟ್ಟು ದಿನ ಏನಾಗುತ್ತದೆ ಎಂದು ತಿರುಗಿ ನೋಡಿದವರಲ್ಲ.

ಇಂಥ ನನ್ನ ರೂಮಿಗೆ ಬಂದವಳು ಅಂಜನಾಬಾಯಿ.

ಔರಾದ ತಾಲೂಕಿನ ಚಿಂತಾಕಿಯವಳು, ಅರವತ್ತರ ಮೇಲಿನ ವಯಸ್ಸು, ಮೂವತ್ತೈದು ಕುರಿಗಳ ಹಿಂದೆ ದಿನವಿಡೀ ಅಲೆಯುವ ಹೆಂಗಸು. ಕುರಿದೊಡ್ಡಿಯ ತಗಡು ಎಡಗಾಲ ಮೊಣಕಾಲ ಕೆಳಗೆ ಸೀಳಿತ್ತು. ಅದಕ್ಕೆ ಮನೆಯಲ್ಲೇ ತಂಬಾಕು, ಸುಣ್ಣ, ಅರಿಶಿಣ, ಕೈಗೆ ಸಿಕ್ಕಿದ್ದೆಲ್ಲ ಮೆತ್ತಿ ಹದಿನೈದು ದಿನ ಕೂತಿದ್ದರು. ಇಲ್ಲಿಗೆ ತಂದಾಗ ಕಾಲು ವಾಸನೆ ಹಿಡಿದಿತ್ತು. ರಶೀದ ಸಾಹೇಬರು ಬೇಹೋಶಿ ಕೊಟ್ಟು ಪ್ರಜ್ಞೆ ತಪ್ಪಿಸಿ ಸತ್ತ ಮಾಂಸ ತೆಗೆದರು. ಆಮೇಲೆ ಎರಡು ದಿನ ಮುದುಕಿಗೆ ಉಸಿರೇ ಸರಿಯಾಗಿ ಹತ್ತಲಿಲ್ಲ. ಎದೆ ವೀಕ್ ಇದೆ, ಪದೇ ಪದೇ ಬೇಹೋಶಿ ಕೊಡಲಾಗದು, ಉಳಿದದ್ದನ್ನು ಡ್ರೆಸ್ಸಿಂಗ್ ಮಾಡುವಾಗ ಎಚ್ಚರದಲ್ಲೇ ಇಷ್ಟಿಷ್ಟು ತೆಗೆಯುತ್ತ ಬರಬೇಕು ಎಂದು ಅವಳನ್ನು ಮನೆಗೆ ಕಳಿಸಿ ನನ್ನ ಕೊರಳಿಗೆ ಕಟ್ಟಿದರು.

ಅವಳು ಮೊದಲ ಸಲ ನನ್ನ ರೂಮಿಗೆ ಬಂದ ದಿನ ನನ್ನ ತಲೆ ಕೆಟ್ಟಿತ್ತು. ಅವಳಿಗಿಂತ ಮುಂಚೆ ಬಂದಿದ್ದ ಮಹಾಶಯನೊಬ್ಬ ಪಟ್ಟಿ ಕಟ್ಟಿದ ಕಾಲಿನಲ್ಲೇ ತಲೆಯಿಂದ ನೀರು ಹೊಯ್ದುಕೊಂಡು, ತೊಪ್ಪೆಯಾದ ಬಟ್ಟೆಯಿಂದ ಟೇಬಲನ್ನೆಲ್ಲ ನೆನೆಸಿ ಹೋಗಿದ್ದ. ಆ ಸಿಟ್ಟಿನಲ್ಲೇ ಮುದುಕಿಗೆ ಒಂದೇ ಉಸಿರಿನಲ್ಲಿ ಹೇಳಿದೆ.

"ಇಲ್ಲಿಗಿ ಬರೋ ದಿನ ಜಳಕ ಮಾಡಬ್ಯಾಡ. ಪಟ್ಟಿ ತೊಯ್ದಿದ್ರ ಟೇಬಲ್ ಮ್ಯಾಲ ಹತ್ತಗೊಡೂದಿಲ್ಲ. ಬಸ್ಸು ಸಂತಪುರಕ್ಕ ಬಂತಂದ್ರ ಈ ಗೋಳಿ ಒಂದು ನುಂಗು. ಖಾಲಿ ಹೊಟ್ಟೀಲೆ ನುಂಗಬ್ಯಾಡ, ಹೊಟ್ಟಿ ಸುಡ್ತದ, ಉಂಡ ಮ್ಯಾಲೇ ನುಂಗಬೇಕು. ತಿಳೀತೋ ಇಲ್ಲೋ?"

"ತಿಳೀತ್ರಿ," ಎಂದಳು.

ಸಂತಪುರ ನನ್ನ ತವರು. ಅಲ್ಲಿಂದ ಬೀದರಿಗೆ ಬಸ್ಸು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದು ನನಗೆ ಅಂಗೈಯಷ್ಟು ಪರಿಚಯ. ಗಡಿಯಾರ ನೋಡಲು ಬಾರದವರಿಗೆ ಊರಿನ ಹೆಸರು ಹೇಳಬೇಕು ಎಂಬ ಬುದ್ಧಿ ಟೈ ಕಟ್ಟಿದವನಿಗೆ ಇತ್ತೇ? ನನಗಿತ್ತು. ಅವತ್ತು ಮನಸ್ಸಿನಲ್ಲೇ ಬೆನ್ನು ಚಪ್ಪರಿಸಿಕೊಂಡೆ.

ಮುಂದಿನ ಸಲ ಅವಳ ಪಟ್ಟಿಗೆ ಕೈ ಹಚ್ಚಿದ್ದೇ ತಡ, ಆ ಮುದುಕಿ ಒದರಿದ ಒದರಾಟಕ್ಕೆ ಹೊರಗೆ ಚೀಟಿ ಮಾಡಿಸುವ ಸಾಲಿನಲ್ಲಿದ್ದವರು ಬಂದು ಬಾಗಿಲಲ್ಲಿ ಇಣುಕಿದರು. ಹತ್ತು ನಿಮಿಷ ನೆನೆಸಿದ್ದೆ. ಅಂಚಿನಿಂದ ಕೂದಲೆಳೆಯಷ್ಟು ಮೆಲ್ಲಗೆ ಎತ್ತಿದ್ದೆ. ಕತ್ತರಿ ಇನ್ನೂ ಕೈಗೇ ಬಂದಿರಲಿಲ್ಲ.

"ಗೋಳಿ ತಗೊಂಡೀಯಿಲ್ಲ?" ಎಂದೆ.

"ತಗೋತೇನಿರಿ ನರ್ಸಬಾಯಿ. ಒಂದೂ ತಪ್ಪಸಾಂಗಿಲ್ಲ."

ನಾನು ಬಾಯಿಮಾತು ನಂಬುವವಳಲ್ಲ. ಮೂರನೇ ಸಲ ಬಂದಾಗ ಗೋಳಿಯ ಪಾಕೀಟು ತೋರಿಸು ಎಂದೆ. ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಎರಡನೇ ಸಲಕ್ಕೊಂದು, ಅವತ್ತಿಗೊಂದು, ಲೆಕ್ಕಕ್ಕೆ ಸರಿಯಾಗಿ ಎರಡು ಖಾಲಿಯಾಗಿದ್ದವು. ಅಂದರೆ ಗೋಳಿ ಹೊಟ್ಟೆಗೆ ಹೋಗುತ್ತಿದೆ, ಕೈ ನನ್ನದು ಹಗುರ, ಆದರೂ ಈಕೆ ಒದರುತ್ತಾಳೆ. ನನಗೆ ಉಳಿದ ಅರ್ಥ ಒಂದೇ, ನಖರಾ.

ಗೌಸೋದ್ದೀನನಿಗೆ ಹಬ್ಬವಾಯಿತು. ಬಾಗಿಲಿಗೆ ಒರಗಿ ನಿಂತು, "ಏನ್ ಮೇಡಮ್, ನಿಮ್ಮ ಗೋಳಿ ಎಕ್ಸ್‌ಪೈರಿ ಆಗ್ಯಾವೇನು? ನನಗ ಕೊಡ್ರಿ, ಒಂದೇ ಝಟ್ಕಾದಾಗ ಮುಗಿಸ್ತೇನಿ," ಎಂದ. ಅವನು ಹಾಗೆ ಹಲ್ಲು ಕಿರಿದದ್ದಕ್ಕಾಗಿ ನಾನು ಮುದುಕಿಯನ್ನು ಕ್ಷಮಿಸಲಿಲ್ಲ. ನನ್ನ ಹದಿನಾಲ್ಕು ವರ್ಷದ ಮಾನವನ್ನು ಈ ಕುರಿ ಕಾಯುವವಳು ದಿನ ಬಿಟ್ಟು ದಿನ ಬಂದು ಟೇಬಲ್ ಮೇಲೆ ಮಲಗಿ ಕಳೆಯುತ್ತಿದ್ದಾಳೆ ಎನ್ನಿಸಿತು.

ಅವಳ ಮಗ ವೈಜಿನಾಥ ಇನ್ನೊಬ್ಬ. ಔರಾದದಿಂದ ಚಿಂತಾಕಿಗೆ ಟಂಟಂ ಆಟೋ ಓಡಿಸುತ್ತಾನೆ. ತಾಯಿಯನ್ನು ಬಾಗಿಲ ತನಕ ತಂದು ಬಿಟ್ಟು, ಅವಳು ಒದರಲು ಶುರು ಮಾಡಿದ ಕೂಡಲೇ ಗುಟ್ಕಾ ಹಾಕಿಕೊಂಡು ಕಾಂಪೌಂಡಿನ ಆಚೆಗೆ ಹೋಗಿ ನಿಲ್ಲುತ್ತಿದ್ದ. ಒಂದು ದಿನ ಕರೆದು, "ನಿಮ್ಮವ್ವ ನಾಟಕ ಕಂಪನಿಗಿ ಹೋಗಬೇಕಿತ್ತು, ದಾರಿ ತಪ್ಪಿ ನನ್ನ ಕಡಿ ಬಂದಾಳ," ಎಂದೆ. ಆ ಗಂಡಸು ನಕ್ಕ. ಟೇಬಲ್ ಮೇಲೆ ಮಲಗಿದ್ದ ತಾಯಿ ಕೇಳಿಸಿಕೊಂಡಳು, ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಅವನು ನಕ್ಕದ್ದಕ್ಕೆ ನನಗೆ ಅವನ ಮೇಲೆ ಹೇಸಿಗೆಯಾಯಿತು. ನಾನು ಆಡಿದ್ದಕ್ಕೆ ಏನೂ ಆಗಲಿಲ್ಲ.

ಐದನೇ ಸಲದಿಂದ ಅವನಿಗೆ ಕಾಲು ಹಿಡಿದುಕೊಳ್ಳಲು ಹೇಳಿದೆ. ಏಳನೇ ಸಲದಿಂದ ಭುಜ ಒತ್ತಿ ಹಿಡಿಯಲು ಗೌಸೋದ್ದೀನನನ್ನೇ ಕರೆದೆ. ಅವಳು ಅಷ್ಟು ಕೊಸರಾಡುತ್ತಿದ್ದಳು, ಕಪ್ಪಗೆ ಸತ್ತು ಕೂತ ಮಾಂಸದ ಹತ್ತಿರ ಕತ್ತರಿ ಒಯ್ಯಲೂ ಆಗುತ್ತಿರಲಿಲ್ಲ. ಮೇಲೆ ಮೇಲೆ ತೊಳೆದು, ಮುಲಾಮು ಹಚ್ಚಿ ಕಟ್ಟಿ ಕಳಿಸುತ್ತಿದ್ದೆ. ಪ್ರತಿ ಸಲವೂ ಕೇಸ್ ಶೀಟಿನಲ್ಲಿ ಒಂದೇ ಸಾಲು ಬರೆದೆ, ಪೇಶಂಟ್ ನಾಟ್ ಕೋಆಪರೇಟಿವ್. ಚೆಂದವಾದ ಅಕ್ಷರದಲ್ಲಿ, ಕೆಳಗೆ ನನ್ನ ಸಹಿ.

ಗುರುವಾರ, ಹನ್ನೊಂದನೇ ಡ್ರೆಸ್ಸಿಂಗಿನ ದಿನ, ರಶೀದ ಸಾಹೇಬರು ಬಂದರು. ಪೆನ್ನಿನ ತುದಿಯಿಂದ ಹುಣ್ಣಿನ ಅಂಚನ್ನು ಒತ್ತಿದರು, ಮೂಗು ಸೊಟ್ಟ ಮಾಡಿದರು, ಶೀಟು ತೆಗೆದು ನನ್ನ ಹನ್ನೊಂದು ಸಾಲನ್ನೂ ಓದಿದರು.

"ಇದು ಸಾಫ್ ಆಗೂದಿಲ್ಲ ಸಿಸ್ಟರ್. ಎಚ್ಚರ ಇದ್ದಾಗ ಮಾಡಗೊಡಲ್ಲ ಅಂತ ನೀನೇ ಬರ್ದೀ. ಪದೇ ಪದೇ ಬೇಹೋಶಿ ಕೊಡಾಕ ನನಗಾಗಲ್ಲ. ಎಲುಬಿಗಿ ಹತ್ತಿದ್ರ ಜೀವಕ್ಕೇ ಬರ್ತದ. ಸೋಮವಾರ ಒಂದೇ ಸಾರಿ ಬೇಹೋಶಿ ಕೊಟ್ಟು ಮೊಣಕಾಲ ಕೆಳಗಿಂದು ತೆಗದುಬಿಡೋಣ."

ಅಂಜನಾಬಾಯಿ ಎದ್ದು ಕೂತಳು. ಅವಳು ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಬಾಯಿ, ಕಾಲು ಹೋದ್ರ ನಾ ಕುರಿ ಹಿಂದ ಹ್ಯಾಂಗ ಹೋಗ್ಲಿರಿ?"

"ಅದನ್ನ ಒದರಕಿಂತ ಮೊದಲು ಯೋಚನಿ ಮಾಡಬೇಕಿತ್ತು," ಎಂದೆ. ಹಾಗೆಂದೆ. ಬದಲಾಯಿಸಿ ಹೇಳಿದರೆ ಸುಳ್ಳಾಗುತ್ತದೆ.

ಶನಿವಾರ ಕೊನೆಯ ಡ್ರೆಸ್ಸಿಂಗಿಗೆ ಅವಳು ಬರಲಿಲ್ಲ. ಹನ್ನೆರಡಾಯಿತು, ಒಂದಾಯಿತು. ಗೌಸೋದ್ದೀನ ಟ್ರೇ ಒರೆಸುತ್ತ, "ಕಾಲು ಕೊಯ್ಸಕೊಳ್ಳಾಕ ಯಾರು ಬರ್ತಾರ್ರಿ ಮೇಡಮ್. ಸೋಮವಾರಾನೂ ಬರೂದಿಲ್ಲ. ಮನ್ಯಾಗೇ ಕೊಳೀತಾಳ," ಎಂದ. ನನಗೆ ಉರಿದುಹೋಯಿತು. ಇಪ್ಪತ್ತೆರಡು ದಿನ ನನ್ನ ಕೈಯಲ್ಲಿದ್ದ ಕೇಸು ಮನೆಯಲ್ಲಿ ಕೊಳೆತು ಸತ್ತರೆ ಇವನು ನಿವೃತ್ತಿಯ ತನಕ ಅದನ್ನೇ ಹಾಡುತ್ತಾನೆ. ಎರಡಕ್ಕೆ ಡ್ಯೂಟಿ ಮುಗಿದದ್ದೇ ಬ್ಯಾಗಿಗೆ ಸಲೈನ್, ಬಟ್ಟೆ, ಮುಲಾಮು ತುಂಬಿಕೊಂಡು ಔರಾದ ಬಸ್ಸು ಹತ್ತಿದೆ. ಕರುಣೆಯಿಂದ ಹೊರಟೆ ಎಂದು ಯಾರೂ ತಿಳಿಯಬೇಡಿ. ಬೈದು ಬರಲು ಹೊರಟಿದ್ದೆ.

ಔರಾದ ಸ್ಟ್ಯಾಂಡಿನ ಹೊರಗೆ ವೈಜಿನಾಥನೇ ಟಂಟಂ ನಿಲ್ಲಿಸಿಕೊಂಡಿದ್ದ. ನನ್ನನ್ನು ಕಂಡು ಗುಟ್ಕಾ ಉಗುಳಿದ.

"ಮುಂಜಾನಿ ನಾನೇ ಬಸ್ಸು ಹತ್ಸಿದ್ನೆರಿ. ಈ ಕಡಿ ಬಾಗಿಲಿಂದ ಹತ್ತಿ ಆ ಕಡಿ ಬಾಗಿಲಿಂದ ಇಳದಾಳ. ಮಧ್ಯಾಹ್ನ ನೋಡ್ತೇನಿ, ಸ್ಟ್ಯಾಂಡಿನ ಕಟ್ಟಿ ಮ್ಯಾಲೇ ಕುಂತಾಳ. ಮನಿಗಿ ಬಿಟ್ಟು ಬಂದೇನ್ರಿ."

"ನೀ ಜೋಡಿ ಹೋಗಬೇಕಿತ್ತಲ್ಲ."

"ಇವತ್ತು ಶನಿವಾರದ ಸೀಟು ಭಾಳ ಇರ್ತಾವ್ರಿ," ಎಂದ. ಇಂಥ ಮಗನನ್ನು ಹೆತ್ತವಳು ಒದರದೆ ಏನು ಮಾಡುತ್ತಾಳೆ ಎಂದು ಆಗ ಒಂದು ಗಳಿಗೆ ಅನ್ನಿಸಿತು.

ನಾವು ಚಿಂತಾಕಿ ಮುಟ್ಟಿದಾಗ ನಾಲ್ಕು ದಾಟಿತ್ತು. ಅಂಗಳದಲ್ಲಿ ಅಂಜನಾಬಾಯಿ ಎಡಗಾಲನ್ನು ಕಲ್ಲಿನ ಮೇಲೆ ಚಾಚಿಕೊಂಡು ಊಟ ಮಾಡುತ್ತಿದ್ದಳು. ಜೋಳದ ರೊಟ್ಟಿ, ಪುಂಡಿಪಲ್ಲೆ. ತಲೆಗೂದಲು ಇನ್ನೂ ಒದ್ದೆಯಿತ್ತು, ಹಣೆಯ ಮೇಲೆ ಹಸಿ ಭಂಡಾರ, ಅಂದರೆ ಮೈಲಾರ ಮಲ್ಲಣ್ಣನ ಅರಿಶಿಣ. ಸೊಸೆ ಕಾಜಲ ಚಂಬು ಹಿಡಿದು ಪಕ್ಕದಲ್ಲಿ ನಿಂತಿದ್ದಳು. ನನ್ನನ್ನು ನೋಡಿ ಮುದುಕಿ ಏಳಲು ಹೋದಳು, ನಾನು ಕೈಯಲ್ಲೇ ಕೂರು ಎಂದೆ. ದಾರಿಯುದ್ದಕ್ಕೂ ಕೂಡಿಸಿಟ್ಟ ಬೈಗಳು ನಾಲಿಗೆಯ ತುದಿಯಲ್ಲಿದ್ದವು, ಆದರೆ ಉಣ್ಣುವವರನ್ನು ಬೈಯಬಾರದು ಎಂದು ತಡೆದೆ.

ಅವಳು ಕೊನೆಯ ತುತ್ತು ಮುಗಿಸಿದಳು, ಕೈ ತೊಳೆದಳು, ಸೆರಗಿನ ಗಂಟು ಬಿಚ್ಚಿ ಒಂದು ಗೋಳಿ ತೆಗೆದು ಬಾಯಿಗೆ ಹಾಕಿ ನೀರು ಕುಡಿದಳು.

"ಅದ್ಯಾವ ಗೋಳಿ?" ಎಂದೆ.

"ನೀವು ಕೊಟ್ಟಿದ್ದಲ್ರಿ."

"ಈಗ್ಯಾಕ ನುಂಗ್ತಿ? ಬಸ್ಸು ಸಂತಪುರಕ್ಕ ಬಂದಾಗ ನುಂಗು ಅಂದಿದ್ದೆ."

"ಉಂಡ ಮ್ಯಾಲೇ ನುಂಗು ಅಂದೀರಲ್ರಿ ಬಾಯಿ. ಉಣ್ಣದ ಹ್ಯಾಂಗ ನುಂಗ್ಲಿರಿ?"

"ಉಂಡು ಬಸ್ಸು ಹತ್ತಬೇಕು."

"ಜಳಕ ಇಲ್ದ ಹ್ಯಾಂಗ ಉಣ್ಲಿರಿ? ಮೈಮ್ಯಾಲ ನೀರು ಹಾಕ್ಕೊಂಡು ಮಲ್ಲಣ್ಣಗ ಭಂಡಾರ ಏರಸದ ನಮ್ಮ ಮನ್ಯಾಗ ಯಾರೂ ಬಾಯಾಗ ತುತ್ತು ಇಡೂದಿಲ್ಲರಿ."

"ಮತ್ತ ಜಳಕ ಮಾಡಿ ಬರಾಕೇನಾಗಿತ್ತು ನಿನಗ?"

ಅವಳು ನನ್ನ ಮುಖ ನೋಡಿದಳು. ಇದೇನು ಕೇಳುತ್ತಾಳೆ ಈಕೆ ಎಂಬಂತೆ ನೋಡಿದಳು.

"ಬರೋ ದಿನ ಜಳಕ ಮಾಡಬ್ಯಾಡ ಅಂದೀರಲ್ರಿ."

ಕಾಜಲ ಚಂಬು ಕೆಳಗಿಟ್ಟು ನಿಧಾನಕ್ಕೆ ಹೇಳಿದಳು. ಬೀದರಿಗೆ ಹೋಗುವ ದಿನ ಅತ್ತೆ ನೀರಷ್ಟೇ ಕುಡಿದು ಹೊರಡುತ್ತಾಳೆ, ಸಂಜೆ ತಿರುಗಿ ಬಂದ ಮೇಲೆ ಕಾಲು ಹೊರಗೆ ಚಾಚಿ ಸ್ನಾನ ಮಾಡುತ್ತಾಳೆ, ದೇವರಿಗೆ ಭಂಡಾರ ಏರಿಸುತ್ತಾಳೆ, ಉಣ್ಣುತ್ತಾಳೆ, ಗೋಳಿ ನುಂಗುತ್ತಾಳೆ. ಗೋಳಿ ಕೊಟ್ಟ ದಿನದ ಸಂಜೆಯಿಂದಲೇ, ಇಪ್ಪತ್ತೆರಡು ದಿನ ಹೀಗೇ.

"ಅಂದ್ರ ನನ್ನ ಟೇಬಲ್ ಮ್ಯಾಲ ಒಂದು ದಿನಾನೂ..." ಎಂದೆ.

"ಒಂದೂ ತಪ್ಪಿಸಿಲ್ಲರಿ," ಎಂದಳು ಅಂಜನಾಬಾಯಿ. ಅದರಲ್ಲಿ ಅವಳಿಗೆ ಹೆಮ್ಮೆಯಿತ್ತು.

ನಮ್ಮ ಮನೆಯಲ್ಲಿ ಅಪ್ಪನ ಕಾಲಕ್ಕೇ ದೇವರ ಜಗಲಿ ತೆಗೆದು ಗೋಡೆಗೆ ಬುದ್ಧನ ಫೋಟೋ ಹಾಕಿದ್ದರು. ಮಲ್ಲಣ್ಣ, ಭಂಡಾರ ಎಂದರೆ ಮೂಗು ಮುರಿಯುವುದು ನನಗೆ ಚಿಕ್ಕಂದಿನ ರೂಢಿ. ಆ ಅಂಗಳದಲ್ಲಿ ನಿಂತು ಎಲ್ಲವನ್ನೂ ಮಲ್ಲಣ್ಣನ ತಲೆಗೇ ಕಟ್ಟಲು ನೋಡಿದೆ. ಆಗಲಿಲ್ಲ. ಸ್ನಾನ ಮಾಡಬೇಡ ಎಂದವನು ಮಲ್ಲಣ್ಣನಲ್ಲ.

"ಜಳಕ ಮಾಡಲಿಲ್ಲಂದ್ರ ಉಣ್ಣೂದಿಲ್ಲಂತ ನನಗೊಂದು ಮಾತು ಕೇಳಬಾರದಿತ್ತೇನು?"

"ಕೇಳಿದ್ನೆರಿ, ಮದಲನೇ ದಿನಾನೇ. 'ಬಾಯಿ, ನಾ ಹಂಗಾದ್ರ' ಅನ್ನೂದ್ರಾಗ 'ತಿಳೀತೋ ಇಲ್ಲೋ' ಅಂತ ನೀವು ಸಿಟ್ಟಿಗೆದ್ರಿ. ಮತ್ತ ಕೇಳಲಿಲ್ರಿ."

ನನಗೆ ಅದು ನೆನಪೇ ಇರಲಿಲ್ಲ. ಅವಳು ಬಾಯಿ ತೆರೆದದ್ದು ನನಗೆ ಕಾಣಿಸಿಯೇ ಇರಲಿಲ್ಲ.

ಗೋಳಿ ಈಗಷ್ಟೇ ಒಳಗೆ ಹೋಗಿತ್ತು, ಅದು ಹಿಡಿಯುವ ತನಕ ಕಾದರೆ ಕೊನೆಯ ಬಸ್ಸು ತಪ್ಪುತ್ತಿತ್ತು, ಹಾಗಾಗಿ ಅವತ್ತು ಪಟ್ಟಿ ಬಿಚ್ಚಲಿಲ್ಲ. ಕಾಜಲಳನ್ನು ಕರೆದು ಒಂದೊಂದಾಗಿ ಹೇಳಿದೆ, ಒಂದೊಂದಾಗಿ ಅವಳಿಂದಲೇ ಹೇಳಿಸಿದೆ. ಸೋಮವಾರ ನಸುಕಿನಲ್ಲಿ ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಸ್ನಾನ, ಆಮೇಲೆ ಮಲ್ಲಣ್ಣ, ಆಮೇಲೆ ರೊಟ್ಟಿ, ಸಂತಪುರದಲ್ಲಿ ಗೋಳಿ. ಅಂಜನಾಬಾಯಿ ಎಲ್ಲಕ್ಕೂ ತಲೆಯಾಡಿಸಿ, "ಕಾಲು ಉಳೀತದೇನ್ರಿ?" ಎಂದಳು. ಗೊತ್ತಿಲ್ಲ ಎಂದೆ. ಗೊತ್ತಿರಲೂ ಇಲ್ಲ.

ಭಾನುವಾರವಿಡೀ ನನ್ನ ತಲೆಯಲ್ಲಿ ಒಂದು ವಾಕ್ಯ ಓಡಾಡಿತು. ರೋಗಿಯು ಔಷಧಿಯನ್ನು ಹೇಳಿದ ಸಮಯಕ್ಕೆ ಸೇವಿಸಿರುವುದಿಲ್ಲ. ಎಂಥ ಶುದ್ಧವಾದ ವಾಕ್ಯ. ಸುಳ್ಳು ಒಂದಕ್ಷರವಿಲ್ಲ, ನನ್ನ ಹೆಸರೂ ಇಲ್ಲ. ಶೀಟಿನಲ್ಲಿ ಅದನ್ನು ಬರೆದರೆ ತಪ್ಪು ಚಿಂತಾಕಿಯದ್ದಾಗುತ್ತದೆ, ಸರ್ಜನ್ ಸಾಹೇಬರು, ಈ ಹಳ್ಳಿ ಮಂದಿ ಹೀಗೇ ಎಂದು ತಲೆಯಾಡಿಸುತ್ತಾರೆ. ಇನ್ನೊಬ್ಬರು ಇಂಥ ವಾಕ್ಯ ಬರೆದಾಗ ನಾನು ಎಷ್ಟು ಉಗಿದಿದ್ದೇನೆ.

ಸೋಮವಾರ ರಶೀದ ಸಾಹೇಬರು ಆಪರೇಷನ್ನಿನ ಕಾಗದ ತೆಗೆದುಕೊಂಡು ಡ್ರೆಸ್ಸಿಂಗ್ ರೂಮಿಗೆ ಬಂದಾಗ ಗೌಸೋದ್ದೀನ ಅಲ್ಲೇ ಇದ್ದ. ಅವನನ್ನು ಏನಾದರೂ ನೆಪ ಹೇಳಿ ಹೊರಗೆ ಕಳಿಸಬಹುದಿತ್ತು. ಕಳಿಸಲಿಲ್ಲ.

"ಸರ್, ಆಕಿ ಹನ್ನೊಂದು ಸಾರಿನೂ ಗೋಳಿ ಇಲ್ದೇ ಮಲಗ್ಯಾಳ್ರಿ. ಜಳಕ ಮಾಡಬ್ಯಾಡ ಅಂತ ನಾನೇ ಅಂದಿದ್ದೆ. ಜಳಕ ಇಲ್ದ ಅವರು ಉಣ್ಣೂದಿಲ್ಲ, ಉಣ್ಣದ ಗೋಳಿ ನುಂಗಬ್ಯಾಡ ಅಂತನೂ ನಾನೇ ಅಂದಿದ್ದೆ. ಕೋಆಪರೇಟಿವ್ ಇರಲಾರದಾಕಿ ನಾನು."

ಸಾಹೇಬರು ಮೊದಲ ಬಾರಿಗೆ ಮೊಬೈಲು ಜೇಬಿಗೆ ಹಾಕಿದರು. "ಹನ್ನೊಂದು ಸಾರಿ ಬರ್ದೀ," ಎಂದರು.

"ಹೌದ್ರಿ."

"ಅದನ್ನ ನೋಡೇ ನಾ ಕಾಲು ತೆಗ್ಯೂದಂತ ಹೇಳ್ದೆ."

"ಹೌದ್ರಿ."

"ಇವತ್ತು ಎಷ್ಟು ಸಾಫ್ ಆಗ್ತದ ನೋಡ್ತೇನಿ. ಸಾಫ್ ಆದ್ರ ಎರಡು ವಾರ ಕಾಯ್ತೇನಿ. ಆಗಲಿಲ್ಲಂದ್ರ ಮಾತಿಲ್ಲ," ಎಂದು ಸ್ಟೂಲು ಎಳೆದುಕೊಂಡು ಕೂತರು. ಗೌಸೋದ್ದೀನ ಏನಾದರೂ ಅನ್ನುತ್ತಾನೆ ಎಂದು ಕಾದೆ. ಅವನು ಸಲೈನ್ ಬಾಟಲಿ ತಂದು ನನ್ನ ಪಕ್ಕದಲ್ಲಿಟ್ಟ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಂಜನಾಬಾಯಿ ಹಣೆಯ ಮೇಲೆ ಭಂಡಾರ ಹಚ್ಚಿಕೊಂಡು ಬಂದಳು. ಟೇಬಲ್ ಮೇಲೆ ಮಲಗಿ, ನಾನು ಮುಟ್ಟುವ ಮೊದಲೇ ಎರಡೂ ಕೈಯಿಂದ ಕಬ್ಬಿಣದ ಅಂಚು ಹಿಡಿದು ಕಣ್ಣು ಮುಚ್ಚಿದಳು. ವೈಜಿನಾಥ ರೂಢಿಯಂತೆ ಬಂದು ಕಾಲು ಒತ್ತಿದ. ಬಿಡು ಎಂದೆ. ಸಲೈನ್ ಸುರಿದು ಹತ್ತಲ್ಲ, ಹದಿನೈದು ನಿಮಿಷ ಕಾದೆ. ಬಟ್ಟೆಯನ್ನು ಅಂಚಿನಿಂದ ಎತ್ತಿದೆ. ನೋಯುತ್ತಿದ್ದರೆ ಕೈ ಎತ್ತು, ನಿಲ್ಲಿಸುತ್ತೇನೆ ಎಂದೆ. ಎರಡು ಸಲ ಎತ್ತಿದಳು, ಎರಡು ಸಲವೂ ನಿಲ್ಲಿಸಿದೆ. ಆ ಕಪ್ಪು ಮಾಂಸದ ಹತ್ತಿರಕ್ಕೆ ಮೊದಲ ಬಾರಿಗೆ ಕತ್ತರಿ ಹೋಯಿತು. ಕೆಳಗೆ ಕೆಂಪಗೆ, ಜೀವ ಇರುವ ಮಾಂಸ ಕಂಡಿತು. ಸಾಹೇಬರು ಬಗ್ಗಿ ನೋಡಿ, ಕೈಯಲ್ಲಿದ್ದ ಕಾಗದವನ್ನು ಮಡಚಿ ಜೇಬಿಗೆ ಇಟ್ಟುಕೊಂಡು ಎದ್ದು ಹೋದರು.

ಹೊಸ ಪಟ್ಟಿ ಸುತ್ತಿ ಗಂಟು ಹಾಕಿದೆ. ಅಂಜನಾಬಾಯಿ ಇನ್ನೂ ಕಬ್ಬಿಣ ಬಿಟ್ಟಿರಲಿಲ್ಲ, ಕಣ್ಣೂ ತೆರೆದಿರಲಿಲ್ಲ.

"ಖರೇ ನೋಯೂದು ಇನ್ನಾ ಬಾಕಿ ಅದ ಏನ್ರಿ ಬಾಯಿ?" ಎಂದಳು.

"ಇಲ್ಲವ್ವ. ಮುಗೀತು."

ಕಣ್ಣು ತೆರೆದು ಕಾಲು ನೋಡಿಕೊಂಡಳು, ಆಮೇಲೆ ನನ್ನನ್ನು ನೋಡಿದಳು. ಹನ್ನೊಂದು ಸಲ ಒದರಿದವಳು ಈಗ ಸದ್ದಿಲ್ಲದೆ ಅಳುತ್ತಿದ್ದಳು.

"ಇಷ್ಟೇ ಏನ್ರಿ? ಮದಲನೇ ದಿನದಿಂದ ಹಿಂಗೇ ಇರ್ತಿತ್ತೇನ್ರಿ?"

ಕತ್ತರಿಯನ್ನು ಟ್ರೇಗೆ ಹಾಕಿದೆ.

"ಹೌದವ್ವ," ಎಂದೆ. "ಮದಲನೇ ದಿನದಿಂದ ಹಿಂಗೇ ಇರ್ತಿತ್ತು."